ಮಗಳಿಗೆ ಬೆವರೇ ಬರೋದಿಲ್ಲ, ಬೇಸಿಗೆ ಹೇಗೆ ಕಳೆಯಲಿ?

ಪ್ರಶ್ನೆ (ರಾಯಚೂರಿನ ತಾಯಿ): ಡಾಕ್ಟ್ರೇ, ಮಗಳಿಗೆ 6 ವರ್ಷ. ಹುಟ್ಟಿದಾಗ ಮೈಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ ಪೊರೆ ಇತ್ತು. ಅದು ಕಳಚಿದ ಮೇಲೆ ಮೈಯೆಲ್ಲ ಮೀನಿನ ಚರ್ಮದ ಹಾಗೆ ದಪ್ಪ ಹೊಟ್ಟು. ಲಮೆಲ್ಲಾರ್ ಇಕ್ತಿಯೋಸಿಸ್ ಅಂದಿದ್ದಾರೆ. ಬಿಸಿಲಲ್ಲಿ ಸ್ಕೂಲಿಂದ ಬಂದರೆ ಮುಖ ಕೆಂಡ. ಮೇಷ್ಟ್ರು ‘ಹೇಳಿದ್ದು ಕೇಳಲ್ಲ’ ಅಂತ ದೂರುತ್ತಾರೆ. ನಾನು ಸೋದರಮಾವನನ್ನೇ ಮದುವೆಯಾದವಳು. ಅಜ್ಜಿ (ಅತ್ತೆಯೂ ಅವರೇ) ನಾಗದೋಷ ಅಂತಾರೆ. ಇನ್ನೊಂದು ಮಗು ಮಾಡಿಕೊಳ್ಳಬಹುದಾ?

ಉತ್ತರ (ಚರ್ಮವೈದ್ಯೆ): ಎಲ್ಲರ ಕಣ್ಣು ಹೊಟ್ಟಿನ ಮೇಲೆ. ನನಗೆ ಹೆದರಿಕೆ ಬಿಸಿಲಿನದ್ದು. ಬೆವರಿನ ಗ್ರಂಥಿ ಇದೆ, ಅದರ ಬಾಯಿ ಹೊಟ್ಟಿನಿಂದ ಮುಚ್ಚಿಹೋಗಿದೆ. ಹಾಗಾಗಿ ಬೆವರಿನ ಕೆಲಸ ನೀವು ಮಾಡಬೇಕು. ಬ್ಯಾಗಿನಲ್ಲಿ ನೀರಿನ ಸ್ಪ್ರೇ ಬಾಟಲಿ ಇಡಿ. ಒಳಗಿನ ಬನಿಯನ್ ಒದ್ದೆ ಮಾಡಿ ಹಾಕಿ. ಆಟದ ಪೀರಿಯಡ್‌ನಲ್ಲಿ ನೆರಳಲ್ಲಿ ಕೂರಿಸಿ ಅಂತ ಮೇಷ್ಟ್ರಿಗೆ ಬರೆದುಕೊಡಿ. ಮಗು ಮಂಕಾದರೆ, ವಾಂತಿ ಮಾಡಿದರೆ ತಣ್ಣೀರು ಸುರಿದು, ಗಾಳಿ ಹಾಕುತ್ತಾ ಆಸ್ಪತ್ರೆಗೆ ಓಡಿ. ಇದು ಜ್ವರ ಅಲ್ಲ, ಪ್ಯಾರಾಸಿಟಮಾಲ್‌ಗೆ ಬಗ್ಗೋದಿಲ್ಲ.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು. ಚೆನ್ನಾಗಿ ನೆನೆದ ಮೇಲೆ ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಉಜ್ಜಿ. ಮೈ ಒದ್ದೆ ಇರುವಾಗಲೇ ವ್ಯಾಸಲೀನ್ ಹಚ್ಚಬೇಕು. ಒಣಗಿದ ಮೇಲೆ ಹಚ್ಚಿದರೆ ಅರ್ಧ ಲಾಭ ಹೋಯ್ತು. ಆ ಜಿಡ್ಡು ಹಿಡಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ, ಒಲೆಯಿಂದ ದೂರ ಇಡಿ. ಯಾರೋ ಹೇಳಿದರು ಅಂತ ಸ್ಯಾಲಿಸಿಲಿಕ್ ಆಸಿಡ್ ಮುಲಾಮನ್ನು ಮೈಯೆಲ್ಲ ಬಳಿಯಬೇಡಿ. ಮಕ್ಕಳಲ್ಲಿ ಅದು ರಕ್ತಕ್ಕೆ ಇಳಿದು ವಿಷವಾಗಬಹುದು.

‘ಕೇಳಲ್ಲ’ ಅಂದಿದ್ದಾರಲ್ಲ, ಮೊದಲು ಕಿವಿ ತೋರಿಸಿ. ಈ ಮಕ್ಕಳ ಕಿವಿಯೊಳಗೂ ಹೊಟ್ಟು ತುಂಬಿಕೊಳ್ಳುತ್ತದೆ. ಪಾಪ, ನಿಜವಾಗಿಯೂ ಕೇಳಿಸ್ತಿಲ್ಲವೇನೋ. ಕಡ್ಡಿ ಹಾಕಬೇಡಿ, ಕಿವಿ ಡಾಕ್ಟರೇ ತೆಗೆಯಲಿ.

ನಾಗದೋಷ ಅಲ್ಲಮ್ಮ. ಒಂದು ಕೆಟ್ಟ ಜೀನ್ ನಿಮ್ಮಿಂದ, ಒಂದು ಯಜಮಾನರಿಂದ ಬಂದಿದೆ. ರಕ್ತಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ತಪ್ಪು ಇರುವ ಸಾಧ್ಯತೆ ಜಾಸ್ತಿ. ಪ್ರತಿ ಬಸಿರಿನಲ್ಲೂ 4ರಲ್ಲಿ 1 ಪಾಲು ಅಪಾಯ. ಒಬ್ಬಳಿಗೆ ಬಂತು, ಇನ್ನು ಮೂರು ಮಕ್ಕಳಿಗೆ ಬರಲ್ಲ ಅಂತ ಲೆಕ್ಕ ಹಾಕಬೇಡಿ. ಬಸಿರಾಗುವ ಮೊದಲೇ ಮಗಳ ಜೀನ್ ಪರೀಕ್ಷೆ ಮಾಡಿಸಿ. ಹೆಚ್ಚಿನವರಲ್ಲಿ ಟಿಜಿಎಂ1 ಅನ್ನೋ ಜೀನ್‌ನಲ್ಲಿ ತಪ್ಪಿರುತ್ತದೆ. ಯಾವ ತಪ್ಪು ಅಂತ ಗೊತ್ತಾದರೆ, ಮುಂದಿನ ಬಸಿರಿನಲ್ಲಿ 11ನೇ ವಾರದ ಹೊತ್ತಿಗೇ ಪರೀಕ್ಷಿಸಬಹುದು.

ಇನ್ನೊಬ್ಬರ ಪ್ರಶ್ನೆ: ನನಗೆ 24, ಇದೇ ಕಾಯಿಲೆ. ಅಸಿಟ್ರೆಟಿನ್ ಮಾತ್ರೆಯಿಂದ ಮುಖ ಎಷ್ಟೋ ಸರಿಯಾಗಿದೆ. ಮದುವೆ ಗೊತ್ತಾಗಿದೆ. ಮಾತ್ರೆ ಮುಂದುವರಿಸಲಾ?

ಉತ್ತರ: ಈ ವಾರವೇ ನಿಮ್ಮ ಡಾಕ್ಟರನ್ನು ನೋಡಿ. ಈ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿನ ಅಂಗಾಂಗವನ್ನೇ ಕೆಡಿಸುತ್ತದೆ. ನಿಲ್ಲಿಸಿದ ಮೇಲೂ 3 ವರ್ಷ ಬಸಿರಾಗುವ ಹಾಗಿಲ್ಲ. ಮದುವೆಗೆ ಮೊದಲೇ ಹುಡುಗನಿಗೂ ಹೇಳಿಬಿಡಿ. ಹುಡುಗ ಸಂಬಂಧಿಕನಾ? ಹಾಗಿದ್ದರೆ ಅವನ ಜೀನ್ ಪರೀಕ್ಷೆಯೂ ಆಗಲಿ.

ಇನ್ನೊಂದು: ಅಪ್ಪನಿಗೆ 63. ಹೊಟ್ಟು ಮೊದಲಿನಿಂದ ಇದ್ದದ್ದೇ, ಈಗ ಮೂಳೆನೋವು.

ಉತ್ತರ: ವಿಟಮಿನ್ ಡಿ ನೋಡಿಸಿ. ಇವರಲ್ಲಿ ಅದು ಕಡಿಮೆ ಇರೋದು ಸಾಮಾನ್ಯ.

ರಾಯಚೂರಿನ ತಾಯಿ: ಡಾಕ್ಟ್ರೇ, ಕಿವಿ ಕ್ಲೀನ್ ಮಾಡಿಸಿದ್ವಿ. ಮನೆಗೆ ಬಂದು ‘ಅವ್ವ, ಫ್ಯಾನ್ ಯಾಕೆ ಇಷ್ಟು ಸದ್ದು ಮಾಡ್ತದೆ’ ಅಂದಳು.