ಫ್ಯೂಜಿ ಜಿಎಫ್‌ಎಕ್ಸ್ 50ಎಸ್ 2 ಕ್ಯಾಮೆರಾಕ್ಕ ದಿನಾ ಹಾಕ್ಕೊಂಡು ಅಡ್ಡಾಡಾಕ ಒಂದೇ ಲೆನ್ಸ್, ಯಾವ್ದು? ಅನುಭವ ಇದ್ದವ್ರು ಹೇಳ್ರಿ

ಗಂಗಾವತಿ ಗುಡ್ಡ:
ಫ್ಯೂಜಿ 50ಎಸ್ 2 ಬಾಡಿ ಸೆಕೆಂಡ್ ಹ್ಯಾಂಡ್ ಸಿಕ್ಕೈತಿ, ಲೆನ್ಸ್ ಇಲ್ಲ. ಒಂದೇ ತಗೊಳ್ಳೋದು. ಮನ್ಯಾಗ ಸಣ್ಣ ಮಕ್ಕಳು, ಐತವಾರ ಆನೆಗುಂದಿ, ಹಿರೇಬೆಣಕಲ್ ಕಡೆ ನಡಕೊಂಡು ತಿರುಗಾಟ, ಇಟಗಿ ಗುಡಿ ಕಂಬ, ಆಗೊಮ್ಮೆ ಈಗೊಮ್ಮೆ ಮನಿ ಕಾರ್ಯ. ಬ್ಯಾಗ್ ಹಗುರ ಇರಬೇಕು. ಟ್ರೈಪಾಡ್ ಒಯ್ಯಾಂಗಿಲ್ಲ. ಇದಕ್ಕ ಬರೋ ಜಿಎಫ್ ಲೆನ್ಸಿನ್ಯಾಗ 35-70, 32-64, 45-100 ಎಂಎಂ ಜೂಮ್, ಜೂಮ್ ಆಗದ (ಪ್ರೈಮ್) 50, 63 ಎಂಎಂ, ಇಷ್ಟರೊಳಗ ತಲಿ ಕೆಟ್ಟೈತಿ.

ಬಳ್ಳಾರಿ ಕೋಟೆ:
32-64 ಎಫ್ 4. ಮುಗೀತು. ಲೆಕ್ಕ ಹಾಕಿ ನೋಡಣ್ಣ. ಸೆನ್ಸರ್ ಅಗಲ 43.8 ಎಂಎಂ. ಹತ್ತಡಿ ದೂರ ನಿಂತ್ರೆ 32ರಲ್ಲಿ 13 ಅಡಿ ಮೇಲೆ ಅಗಲ ಸಿಗುತ್ತೆ, 45ರಲ್ಲಿ ಹತ್ತಡಿನೂ ತುಂಬಲ್ಲ, 63ರಲ್ಲಿ ಬರೀ ಏಳಡಿ. ನಮ್ಮ ಕಡೆ ಅರಿಶಿಣ ಶಾಸ್ತ್ರ ಮಾಡೋದು ಪಡಸಾಲೆಯಲ್ಲಿ, ಬೆನ್ನ ಹಿಂದೆ ಗೋಡೆ. ಏಳಡಿಯಲ್ಲಿ ಮದುಮಗಳು, ಅವರಮ್ಮ, ಇಬ್ಬರು ಅತ್ತೇರು ಅಷ್ಟೇ. ಉಳಿದ ನೆಂಟರು ಫೋಟೋ ಎಲ್ಲಿ ಅಂತ ಆಮೇಲೆ ಕೇಳ್ತಾರೆ, ಲೆನ್ಸ್ ಹೆಸರು ಯಾರೂ ಕೇಳಲ್ಲ.

ಖರ್ಚು ಲೆನ್ಸ್‌ಗೇ ನಿಲ್ಲಲ್ಲ, ಅದನ್ನೂ ಬರೆದುಕೋ. ಫಿಲ್ಟರ್ 77 ಎಂಎಂ. ಲೆನ್ಸ್ 875 ಗ್ರಾಂ, ಬಾಡಿ 900 ಗ್ರಾಂ, ಕುತ್ತಿಗೆಗೆ ಸಣ್ಣ ಪಟ್ಟಿ ಹಾಕಿದ್ರೆ ಸಂಜೆಗೆ ಗೊತ್ತಾಗುತ್ತೆ, ಭುಜಕ್ಕೆ ಅಡ್ಡ ಹಾಕೋ ಅಗಲ ಪಟ್ಟಿ ಬೇಕು. ಲಾಸ್‌ಲೆಸ್ ರಾ (ಕ್ಯಾಮೆರಾದ ಮೂಲ ಡೇಟಾ) ಫೈಲ್ ಒಂದಕ್ಕೆ ಹತ್ತತ್ರ 60 ಎಂಬಿ. ಎರಡು ಸಾವಿರ ಫ್ರೇಮ್‌ಗೆ 120 ಜಿಬಿ, ಎರಡು ಕಾಪಿ ಇಟ್ರೆ 240. ಒಂದು ಸೀಸನ್‌ಗೆ ಹಾರ್ಡ್ ಡಿಸ್ಕ್ ಎಷ್ಟು ಅಂತ ನೀನೇ ಲೆಕ್ಕ ಹಾಕು.

ರಾಯಚೂರು ಬಿಸಿಲು:
ಮದುವಿ ಹಿಡಿಯೋರಿಗೆ ಎಲ್ಲಾ ಮದುವಿಯಂಗ ಕಾಣ್ತದ. ಅವ್ರು ಕೇಳಿದ್ದು ಹಗುರ ಲೆನ್ಸ್, ನೀವು ಹೇಳಿದ್ದು ಮುಕ್ಕಾಲು ಕೆಜಿ ಮ್ಯಾಲಿಂದು.

63 ಎಫ್ 2.8 ತಗೋರಿ. 405 ಗ್ರಾಂ, ಫಿಲ್ಟರ್ 62. ಈ ಕ್ಯಾಮೆರಾದ ಸೆನ್ಸರ್ ದೊಡ್ಡದು, ಹಂಗಾಗಿ ಇದರಾಗ 63 ಅಂದ್ರ 35 ಎಂಎಂ ಕ್ಯಾಮೆರಾದ 50 ಹೆಂಗೋ ಹಂಗ. ಮಕ್ಕಳಿಗೆ ಬೇಕಾದ್ದು ಬೆಳಕು, ಎಫ್ ನಂಬರ್ ಸಣ್ಣದಾದಷ್ಟು ಲೆನ್ಸಿನ ಕಿಂಡಿ (ಅಪರ್ಚರ್) ದೊಡ್ಡದು, ಬೆಳಕು ಹೆಚ್ಚು. ರಾತ್ರಿ ಟ್ಯೂಬ್‌ಲೈಟಿನಾಗ ಎಫ್ 2.8, ಸೆಕೆಂಡಿನ 125ನೇ ಭಾಗ ಇಟ್ರ ಐಎಸ್‌ಒ (ಹೆಚ್ಚಾದಷ್ಟು ಫೋಟೋ ಕಾಳು ಕಾಳು) 1600ರ ಆಸುಪಾಸು ನಡೀತದ. ಅದೇ ಜಾಗದಾಗ ಎಫ್ 5.6 ಲೆನ್ಸಿಗೆ 6400. ಬಾಡಿಯೊಳಗಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕ ತಡೀತದ, ಓಡೋ ಕೂಸನ್ನ ಅಲ್ಲ.

ಬಿಸಿಲಿಂದು ಬ್ಯಾರೆ ತಕರಾರು. ಫ್ಲ್ಯಾಶ್ ಸಿಂಕ್, ಅಂದ್ರ ಫ್ಲ್ಯಾಶ್ ಜೋಡಿ ನಡಿಯೋ ಶಟರ್ ವೇಗ, ಸೆಕೆಂಡಿನ 125ನೇ ಭಾಗದ ಮ್ಯಾಲ ಹೋಗಂಗಿಲ್ಲ. ನಡು ಮಧ್ಯಾಹ್ನ ಐಎಸ್‌ಒ 100, 125ರಾಗ ಅಪರ್ಚರ್ ಎಫ್ 16 ಬರ್ತದ. ಎಫ್ 2.8ಕ್ಕ ಇಳೀಬೇಕಂದ್ರ ಐದು ಸ್ಟಾಪ್ (ಒಂದು ಸ್ಟಾಪಿಗೆ ಬೆಳಕು ಅರ್ಧ), ಅಂದ್ರ ಬೆಳಕನ್ನ 32ನೇ ಒಂದು ಭಾಗಕ್ಕ ಇಳಿಸೋ ಕರಿ ಗಾಜು, 32ರ ಎನ್‌ಡಿ ಫಿಲ್ಟರ್. 62 ಸೈಜಿನ ಎನ್‌ಡಿ ಸ್ವಸ್ತಾ, 45-100ರ 82ರದ್ದು ಕೇಳಿ ನೋಡ್ರಿ, ಅಂಗಡಿಯಾಂವ ಮೊದ್ಲು ಕುಂದ್ರಿ ಅಂತಾನ. ಹೈಸ್ಪೀಡ್ ಸಿಂಕ್ (125ಕ್ಕಿಂತ ಜೋರು ಶಟರಿಗೂ ಫ್ಲ್ಯಾಶ್) ಅಂತ ಹೇಳೋರು ಫ್ಲ್ಯಾಶಿನ ಪವರ್ ಎಷ್ಟು ಬೀಳ್ತದ ಅನ್ನೋದನ್ನೂ ಹೇಳ್ರಿ.

ಬಳ್ಳಾರಿ ಕೋಟೆ:
63ರ ಹೆಸರಲ್ಲಿ ಎಲ್‌ಎಂ ಇಲ್ಲ, ಅಂದ್ರೆ ಫೋಕಸ್ ಬೇಗ ಓಡಿಸೋ ಲೀನಿಯರ್ ಮೋಟರ್ ಇಲ್ಲ. 50ಎಸ್ 2ರಲ್ಲಿ ಫೋಕಸ್ ಬೇಗ ಹಿಡಿಯೋ ಫೇಸ್ ಡಿಟೆಕ್ಷನ್ನೂ ಇಲ್ಲ, ಬರೀ ಕಾಂಟ್ರಾಸ್ಟ್ ಫೋಕಸ್. ಎರಡೂ ಸೇರಿ ಟ್ಯೂಬ್‌ಲೈಟ್ ಬೆಳಕಲ್ಲಿ ಹಿಂದಕ್ಕೆ ಮುಂದಕ್ಕೆ ಹುಡುಕ್ತಾ ಕೂತ್ರೆ ಕೂಸು ಅಡುಗೆಮನೆಗೆ ಹೋಗಿರುತ್ತೆ. ಐಎಸ್‌ಒ ಉಳಿಸಿ ಏನು ಮಾಡ್ತೀರ?

ರಾಯಚೂರು ಬಿಸಿಲು:
ಫೋಕಸ್ ಪಾಯಿಂಟ್ ದೊಡ್ಡದು ಮಾಡ್ಕೊಂಡು ಕಣ್ಣಿನ ರೆಪ್ಪಿ ಗೆರಿ ಮ್ಯಾಲ ಇಡ್ರಿ, ಬಿಳಿ ಗ್ವಾಡಿ ಮ್ಯಾಲ ಇಟ್ರ ಯಾವ ಮೋಟರೂ ಹಿಡ್ಯಂಗಿಲ್ಲ. ಎಲ್‌ಎಂ ಬೇಕಂದ್ರ 50 ಎಫ್ 3.5 ಅದ, 335 ಗ್ರಾಂ, ಅದಕ್ಕೂ 62 ಫಿಲ್ಟರ್. ಹತ್ತಡಿಗೆ ಎಂಟೂಮುಕ್ಕಾಲು ಅಡಿ ಅಗಲ. ನಿಮ್ಮ ಅತ್ತೇರು ಇನ್ನೊಬ್ರು ಹಿಡಿಸ್ತಾರ.

ಸಂಡೂರು ಕೆಂಪುಮಣ್ಣು:
ಎಫ್ ನಂಬರ್ ಜಗಳ ಆಮೇಲೆ ಆಡ್ರಪ್ಪಾ. ಧೂಳಿನ ಮಾತು ಯಾರೂ ಎತ್ತಲಿಲ್ಲ. 32-64 ತಿರುಗಿಸಿದ್ರೆ ನಳಿಗೆ ಮುಂದಕ್ಕೆ ಬರುತ್ತೆ, 35-70 ಅಂತೂ ಮಡಚಿಕೊಳ್ಳೋ ಲೆನ್ಸ್. ಹೊರಗೆ ಬಂದ ನಳಿಗೆ ಮೇಲೆ ಅದಿರಿನ ಧೂಳು ಕೂರುತ್ತೆ, ಅದನ್ನೇ ಒಳಗೆ ತಳ್ಳಿದ್ರೆ ರಬ್ಬರ್ ಸೀಲಿನ ಅಂಚಲ್ಲಿ ಉಜ್ಜಿಕೊಂಡು ಹೋಗುತ್ತೆ. ಡಬ್ಲ್ಯುಆರ್ (ವೆದರ್ ರೆಸಿಸ್ಟೆಂಟ್) ಅಂತ ಬರೆದಿರೋದು ತಡೆಯೋದಕ್ಕೆ, ಪೂರ್ತಿ ಮುಚ್ಚೋದಕ್ಕಲ್ಲ. ಜೂಮ್ ತಿರುಗಿಸುವಾಗ ಕರಕರ ಅಂದ್ರೆ ತಡ ಆಗಿದೆ ಅಂತಲೇ ಅರ್ಥ. ಬಿಚ್ಚಿ ಕ್ಲೀನ್ ಮಾಡಿಸೋಕೆ ಇಲ್ಲಿ ಯಾರೂ ಇಲ್ಲ, ಕೊರಿಯರ್, ಇನ್ಶೂರೆನ್ಸ್, ಬಿಚ್ಚಿ ನೋಡೋ ಚಾರ್ಜ್, ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಇಷ್ಟಾದ ಮೇಲೆ "ಪಾರ್ಟ್ ಬರಬೇಕು ಸಾರ್" ಅಂತ ಫೋನು.

ಮಡಚೋ ಮೊದಲು ಮಾಡಬೇಕಾದ್ದು ಇಷ್ಟು. ನಳಿಗೆ ಪೂರ್ತಿ ಹೊರಗಿದ್ದಾಗಲೇ ಲೆನ್ಸ್ ಮೂತಿ ಕೆಳಗೆ ಮಾಡಿ ಬ್ಲೋವರ್ ಒತ್ತಿ. ಆಮೇಲೆ ಮೆತ್ತನೆ ಬ್ರಶ್. ಕೊನೆಗೆ ಚೂರೇ ಚೂರು ಒದ್ದೆ ಮಾಡಿದ ಮೈಕ್ರೋಫೈಬರ್ ಬಟ್ಟೆಯಿಂದ ಸುತ್ತ ಒರೆಸಿ, ಒಣಗಿದ ಮೇಲೆ ಮಡಚಿ. ಬ್ಲೋವರ್ ಬಿಟ್ಟು ಸೀದಾ ಬಟ್ಟೆ ಹಾಕಿದ್ರೆ ಅದಿರಿನ ಕಣ ಗಾಜಿನ ಮೇಲೆ ಗೆರೆ ಎಳೆಯುತ್ತೆ, ಕೋಟಿಂಗ್ ಹೋಯ್ತು. ಲಿಕ್ವಿಡ್ ಯಾವತ್ತೂ ಟಿಶ್ಯೂ ಮೇಲೆ ಹಾಕಿ, ಗಾಜಿನ ಮೇಲೆ ಅಲ್ಲ, ಅಂಚಿಂದ ಒಳಗೆ ಇಳಿಯುತ್ತೆ. ನಮ್ಮ ಊರಲ್ಲಿ ಪ್ರೈಮ್ ಒಂದೇ ದಾರಿ.

ಹೊಸಪೇಟೆ ಹೊಳೆದಂಡೆ:
45-100 ಬಗ್ಗೆ ಯಾರೂ ಒಳ್ಳೇ ಮಾತು ಆಡಲಿಲ್ಲ, ಅದಕ್ಕೆ ಬರೀತಿದ್ದೀನಿ. ಗೋಪುರದ ಮೇಲಿನ ಗಾರೆ ಗೊಂಬೆ, ಕಂಬದ ನೆತ್ತಿಯ ಕೆತ್ತನೆ ಇವಕ್ಕೆ 64 ಸಾಲಲ್ಲ, 100 ಬೇಕು. ಲೆನ್ಸ್ ಒಳಗೇ ಓಐಎಸ್ (ಕೈ ನಡುಕ ತಡೆಯೋ ವ್ಯವಸ್ಥೆ) ಇದೆ. ನಮ್ಮ ವಿಜಯನಗರ ಜಿಲ್ಲೆಯ ಹಂಪಿಯಲ್ಲಾಗಲಿ, ನಿಮ್ಮ ಇಟಗಿಯಲ್ಲಾಗಲಿ, ಪುರಾತತ್ವ ಇಲಾಖೆಯ ಸ್ಮಾರಕದಲ್ಲಿ ಟ್ರೈಪಾಡ್ ಇಡೋಕೆ ಮೊದಲೇ ಅನುಮತಿ ಬೇಕು. ಕೈಯಲ್ಲೇ ಹಿಡಿಯೋರಿಗೆ ಓಐಎಸ್ ಇಲ್ಲದ ಜೂಮ್ ಯಾಕೆ?

ಬಳ್ಳಾರಿ ಕೋಟೆ:
50ಎಸ್ 2 ಬಾಡಿಯಲ್ಲೇ 6.5 ಸ್ಟಾಪ್ ಸ್ಟೆಬಿಲೈಸೇಶನ್ ಇದೆ ಸ್ವಾಮಿ. ಓಐಎಸ್ ಬೇಕಾಗಿದ್ದು ಹಳೇ 50ಎಸ್, 50ಆರ್ ಇಟ್ಟುಕೊಂಡೋರಿಗೆ, ಅವಕ್ಕೆ ಬಾಡಿಯಲ್ಲಿ ಏನೂ ಇರಲಿಲ್ಲ. ಲೆನ್ಸ್ 1005 ಗ್ರಾಂ, ಫಿಲ್ಟರ್ 82. ಮತ್ತೆ ಈ "ನಮ್ಮ ವಿಜಯನಗರ ಜಿಲ್ಲೆ" ಏನು? 2021ರ ತನಕ ಹಂಪಿ ಬಳ್ಳಾರಿ ಜಿಲ್ಲೇನೇ ಆಗಿತ್ತು.

ಹೊಸಪೇಟೆ ಹೊಳೆದಂಡೆ:
ಆಗಿತ್ತು. ಈಗ ಇಲ್ಲ. ಲೆನ್ಸ್ ವಿಷಯಕ್ಕೆ ಬನ್ನಿ.

ಗಂಗಾವತಿ ಗುಡ್ಡ:
ಆನೆಗುಂದಿ ಕೊಪ್ಪಳ ಜಿಲ್ಲಾ, ಅದಕ್ಕ ಜಗಳ ಬ್ಯಾಡ. ನನಗ 35-70 ಬಗ್ಗೆ ಯಾರರ ಹೇಳ್ರಿ.

ಕುಷ್ಟಗಿ ಮ್ಯಾನ್ಯುಯಲ್:
ಹಳೇ ಮಾಮಿಯಾ 645 ಫಿಲ್ಮ್ ಕ್ಯಾಮೆರಾದ 80 ಎಫ್ 2.8 ಮ್ಯಾನ್ಯುಯಲ್ ಲೆನ್ಸ್ ಅಡಾಪ್ಟರ್ ಹಚ್ಚಿ ನೋಡ್ರಿ ಮೊದ್ಲ. ಒಂದು ಜಿಎಫ್ ಲೆನ್ಸಿನ ರೊಕ್ಕದಾಗ ಇಂಥಾವು ಸಾಲು ಹಚ್ಚಬಹುದು. ಮೆನುದಾಗ ಲೆನ್ಸ್ ಇಲ್ದ ಶೂಟ್ ಮಾಡೋ ಆಯ್ಕೆ ಆನ್ ಮಾಡ್ರಿ, ಮೌಂಟ್ ಅಡಾಪ್ಟರ್ ಸೆಟ್ಟಿಂಗಿನಾಗ 80 ಅಂತ ತುಂಬ್ರಿ. ತುಂಬಲಿಲ್ಲ ಅಂದ್ರ ಸ್ಟೆಬಿಲೈಸೇಶನ್ ತಪ್ಪು ಲೆಕ್ಕ ಹಾಕಿ ಫೋಟೋನ ಅಲುಗಾಡಿಸಿ ಬಿಡ್ತೈತಿ. ಅಡಾಪ್ಟರ್ ದಪ್ಪ ಮುಖ್ಯ: ಲೆನ್ಸ್ ಕೂಡೋ ಮೌಂಟಿನಿಂದ ಫಿಲ್ಮ್ ಇಲ್ಲಾ ಸೆನ್ಸರ್ ತನಕ ದೂರ ಮಾಮಿಯಾ 63.3, ಜಿಎಫ್‌ಎಕ್ಸ್ 26.7, ಅಂದ್ರ ಅಡಾಪ್ಟರ್ 36.6 ಎಂಎಂ. ಸ್ವಸ್ತಾ ಅಡಾಪ್ಟರ್ ಚೂರು ದಪ್ಪ ಆದ್ರ ದೂರದ ಗುಡ್ಡ ಎಂದೂ ಫೋಕಸ್ ಆಗಂಗಿಲ್ಲ. ತೆಳು ಆದ್ರ ಅಡ್ಡಿಯಿಲ್ಲ, ರಿಂಗ್ ಕೊನಿ ಮುಟ್ಟೋ ಮೊದಲ ಗುಡ್ಡ ಸಿಗತೈತಿ.

ರಾಯಚೂರು ಬಿಸಿಲು:
ಮನ್ಯಾಗ ಮಕ್ಕಳು ಅಂತ ಬರದಾರ. ಓಡೋ ಕೂಸಿಗೆ ಕೈಲೆ ಫೋಕಸ್ ತಿರುವ್ತಾ ಕುಂದ್ರಬೇಕೇನು?

ಕುಷ್ಟಗಿ ಮ್ಯಾನ್ಯುಯಲ್:
ಎಂಟಡಿಗೆ ಫೋಕಸ್ ಇಟ್ಟು ಎಫ್ 8 ಹಾಕಿ ಕೂಸು ಅಲ್ಲಿಗೆ ಬರೋ ತನಕ ತಡೀರಿ. ತಾಳ್ಮಿ ಇಲ್ದೋರಿಗೆ ಮೊಬೈಲ್ ಐತಿ.

ರಾಯಚೂರು ಬಿಸಿಲು:
ಟ್ಯೂಬ್‌ಲೈಟಿನಾಗ ಎಫ್ 8! ಮ್ಯಾಲ ಬರದ ಲೆಕ್ಕದಾಗ ಐಎಸ್‌ಒ 12800 ಆಗ್ತದ. ತಾಳ್ಮಿ ಬಿಡ್ರಿ, ಗುಣಾಕಾರ ಕಲೀರಿ.

ಕೊಪ್ಪಳ ಗವಿ:
35-70 ಇಟ್ಟಾಂವ ನಾನ. ಇಲ್ಲಿ ಎಲ್ಲಾರೂ ಅದನ್ನ ಕಿಟ್ ಲೆನ್ಸ್ ಅಂತ ಮೂಗು ಮುರೀತಾರ, ಮುರೀಲಿ. 390 ಗ್ರಾಂ. ಹೊಸದಾಗಿ ಬಂದಾಗ ಬಿಡಿಯಾಗಿ 999 ಡಾಲರ್, ಬಾಡಿ ಜೋಡಿ ತಗೊಂಡ್ರ ಬರೇ 500 ಹೆಚ್ಚಿಗಿ. 32-64 ಆಗ್ಲಿ 45-100 ಆಗ್ಲಿ 2,299 ಡಾಲರಿಗೆ ಬಂದವು. ಕಿಟ್ ತಗೊಂಡು ಲೆನ್ಸ್ ಮಾರೋರು ಭಾಳ ಮಂದಿ, ಅದಕ್ಕ ಸೆಕೆಂಡ್ ಹ್ಯಾಂಡ್ ಸುಲಭಕ್ಕ ಸಿಗತೈತಿ.

ಕಿರಿಕಿರಿ ಇಲ್ಲಂತಲ್ಲ. ಮಡಚಿದ್ದನ್ನ 35ರ ಗೆರಿಗೆ ತಿರುವಿ ತರಲಾರದ ಕ್ಯಾಮೆರಾ ಫೋಟೋ ಹಿಡಿಯಾಂಗಿಲ್ಲ. ಹೆಸರಿನ್ಯಾಗ ಆರ್ ಇಲ್ಲ, ಅಂದ್ರ ಅಪರ್ಚರ್ ರಿಂಗ್ ಇಲ್ಲ, ಬಾಡಿ ಡಯಲ್‌ನಿಂದನ ತಿರುವಬೇಕು. 35ರಾಗ 4.5, 70ರಾಗ 5.6. ಹಿನ್ನೆಲಿ ಕರಗೋ ಲೆಕ್ಕಕ್ಕ 5.6 ಅನ್ನೋದು 35 ಎಂಎಂ ಕ್ಯಾಮೆರಾದ 4.4 ಇದ್ದಂಗ. 24-70 ಎಫ್ 2.8 ಮಾರಿ ಬಂದಾಂವಗ ಇದು ಸಪ್ಪಗ ಅನಸ್ತೈತಿ, ಖರೇ. ಅದ ಲೆಕ್ಕದಾಗ 32-64ರ ಎಫ್ 4 ಅಂದ್ರ 3.2, ಅದೂ 2.8 ಅಲ್ಲ ಕೋಟೆ ಅಣ್ಣಾರ.

ಆದ್ರ ಹಿರೇಬೆಣಕಲ್ಲಿಗೆ ಹೋಗಾಕ ಕಲ್ಲಿನ ದಾರಿ ಹತ್ತಬೇಕು. ಮ್ಯಾಲ ಹೋದ್ರ ಮುಂದ ಕಲ್ಗೋರಿ, ಹಿಂದ ಗುಡ್ಡ, ಎರಡೂ ಚೂಪು ಬೇಕು. 35ರಾಗ ಎಫ್ 11 ಇಟ್ಟು ಮೂರು ಮೀಟರಿಗೆ ಫೋಕಸ್ ಮಾಡಿದ್ರ ಒಂದೂವರಿ ಮೀಟರಿಂದ ಹಿಡಿದು ಕೊನಿ ತನಕ ಬರತೈತಿ. ಅದ 63ರಾಗ ಒಂಬತ್ತೂವರಿ ಮೀಟರಿಗೆ ಇಡಬೇಕು, ಐದು ಮೀಟರಿಗಿಂತ ಈ ಕಡೆ ಇದ್ದದ್ದೆಲ್ಲ ಮಬ್ಬು. ಎಫ್ 2.8 ಅಲ್ಲಿ ಏನು ಕೆಲಸಕ್ಕ ಬಂತು? ಇಟಗಿ ನವರಂಗದಾಗೂ ಕಂಬ ಓಡಾಂಗಿಲ್ಲ, ಮೊಣಕೈ ಹೊಟ್ಟಿಗೆ ಒತ್ತಿ ಸೆಕೆಂಡಿನ ಎಂಟನೇ ಭಾಗಕ್ಕ ಹಿಡೀರಿ. 1112ರಿಂದ ಹಂಗ ನಿಂತಾವ. ಕಡದು ತಿರುಗಿಸಿದ ಕಂಬದ ಗೆರಿ ಸನೇದಿಂದ ಬೇಕಂದ್ರ 35 ಸೆಂಟಿಮೀಟರ್ ತನಕ ಹೋಗಬಹುದು, 63 ಅರ್ಧ ಮೀಟರಿಗೆ ನಿಲ್ತೈತಿ.

ಸಂಡೂರು ಕೆಂಪುಮಣ್ಣು:
ಮಡಚೋ ಲೆನ್ಸ್ ಅಂತ ಮ್ಯಾಲೆ ಅಷ್ಟುದ್ದ ಬರೆದಿದ್ದೀನಿ.

ಕೊಪ್ಪಳ ಗವಿ:
ಓದೇನಿ. ನಮ್ಮಲ್ಲಿ ಗಣಿ ಲಾರಿ ಮುಂದ ನಿಂತು ಯಾರೂ ಲೆನ್ಸ್ ಬಿಚ್ಚಾಂಗಿಲ್ಲ.

ಬಳ್ಳಾರಿ ಕೋಟೆ:
ಡಾಲರ್ ಲೆಕ್ಕ ಹೇಳಿ ಏನುಪಯೋಗ? ಇಲ್ಲಿ ಬಿಲ್ ಜೊತೆ ತಗೊಂಡ್ರೆ ಒಂದು ರೇಟು, ಬಿಲ್ ಇಲ್ಲದ್ದಕ್ಕೆ ಇನ್ನೊಂದು. ಬಿಲ್ ಇಲ್ಲದ್ದು ಕೆಟ್ರೆ ವಾರಂಟಿ ಕೇಳೋಕೆ ಬಾಯಿ ಇರಲ್ಲ.

ಗಂಗಾವತಿ ಗುಡ್ಡ:
ಗವಿ ಅಣ್ಣಾರ, 35-70 ಒಂದು ಸಿಂಧನೂರಾಗ ಐತಿ ಅಂದ್ರು, ಬಿಲ್ ಸೈತ ಐತಿ. ಏನೇನು ನೋಡ್ಲಿ?

ಕೊಪ್ಪಳ ಗವಿ:
ಮಡಚಿ ಬಿಚ್ಚಿ ನೋಡ್ರಿ, 35ರ ಹತ್ರ ಒಂದು ತಡಿ ಸಿಗಬೇಕು, ಸಡಿಲ ಇದ್ರ ಬ್ಯಾಡ. 70ಕ್ಕ ತಿರುವಿ ನಳಿಗಿ ತುದಿ ಹಿಡಿದು ಮೆಲ್ಲಕ ಅಲ್ಲಾಡಿಸ್ರಿ, ಒಂದು ಬದಿಗೆ ಹೆಚ್ಚಿಗಿ ವಾಲಿದ್ರ ಬಿದ್ದಿರೋ ಮಾಲು. ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿಂದ ನೋಡ್ರಿ: ಒಂದೆರಡು ಧೂಳಿನ ಚುಕ್ಕಿ ಇರ್ಲಿ, ಜ್ಯಾಡರ ಬಲಿ ಥರ ಎಳಿ ಇದ್ರ ಫಂಗಸ್, ಎದ್ದು ಬರ್ರಿ. ಮೌಂಟ್ ಸುತ್ತಿನ ರಬ್ಬರ್ ಹರಿದಿರಬಾರದು.

ಆಮ್ಯಾಲ ಬಾಡಿಗೆ ಹಾಕಿ ಇಟ್ಟಂಗಿ ಗ್ವಾಡಿಗೆ ನೇರ ನಿಂತು 35ರಾಗ 4.5ಕ್ಕ, 70ರಾಗ 5.6ಕ್ಕ ಒಂದೊಂದು. ಕ್ಯಾಮೆರಾ ತಲಿಕೆಳಗ ಮಾಡಿ ಮತ್ತ ಒಂದೊಂದು. ತಿರುವದಂಗ ನಾಲ್ಕೂ ಮೂಲಿ ನೂರು ಪರ್ಸೆಂಟಿನಾಗ ನೋಡ್ರಿ. ಎರಡೂ ಸಲ ಫ್ರೇಮಿನ ಅದ ಮೂಲಿ ಮಬ್ಬಾದ್ರ ಲೆನ್ಸ್ ಒಳಗ ಗಾಜು ಸರಿದೈತಿ. ಮಬ್ಬು ಇಟ್ಟಂಗಿ ಜೋಡಿ ಆ ಕಡೆ ಈ ಕಡೆ ಹೋದ್ರ ನೀವು ಗ್ವಾಡಿಗೆ ಸೊಟ್ಟ ನಿಂತೀರಿ, ಲೆನ್ಸಿಗೆ ಏನೂ ಆಗಿಲ್ಲ. ರೇಟು ಈ ಫೋಟೋ ನೋಡಿದ ಮ್ಯಾಲ ಮಾತಾಡ್ರಿ.

ರಾಯಚೂರು ಬಿಸಿಲು:
ಸಿಂಧನೂರಿಗೆ ಬಂದ್ರ ಇನ್ನಷ್ಟು ಮುಂದ ರಾಯಚೂರಿಗೂ ಬರ್ರಿ, 63 ಹಾಕಿ ತೋರಿಸ್ತೀನಿ. ಅದೇ ಇಟ್ಟಂಗಿ ಗ್ವಾಡಿ ಹಿಡೀರಿ.