ಭಾನುವಾರದ ಮ್ಯಾಚು, ಭಾನುವಾರದ ಆರಾಧನೆ

ಎಲ್ಲರಿಗೂ ನಮಸ್ಕಾರ. ಮಗಳ ಈಜು ಸ್ಪರ್ಧೆ ಯಾವಾಗಲೂ ಭಾನುವಾರ ಬೆಳಿಗ್ಗೆಯೇ ಬರುತ್ತದೆ, ಚರ್ಚಿನ ಆರಾಧನೆ ತಪ್ಪಿಸಲಾ, ಈಜು ಬಿಡಿಸಲಾ ಅಂತ ಇಲ್ಲಿ ಒಬ್ಬ ಸಿಸ್ಟರ್ ಕೇಳಿದ್ದರು. ಬಂದ ಉತ್ತರಗಳನ್ನೆಲ್ಲ ಓದಿದೆ. ಅರ್ಧ ಜನ "ದೇವರಿಗೆ ಮೊದಲ ಸ್ಥಾನ, ಸುಮ್ನೆ ಬಿಡಿಸಿ" ಅಂದಿದ್ದಾರೆ. ಇನ್ನರ್ಧ ಜನ "ಈ ಪರದೇಶದಲ್ಲಿ ಬೆಳೆಯುವ ಮಕ್ಕಳು, ಜಾಸ್ತಿ ಬಿಗಿ ಮಾಡಿದರೆ ಕೈಗೆ ಸಿಗುವುದಿಲ್ಲ" ಅಂದಿದ್ದಾರೆ. ಎರಡೂ ಕಡೆ ನಿಂತು ಪೆಟ್ಟು ತಿಂದವನು ನಾನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ನನ್ನ ಮಗನಿಗೆ 11. ಫುಟ್‌ಬಾಲ್ ತಂಡಕ್ಕೆ ಆಯ್ಕೆಯಾದ. ಮ್ಯಾಚುಗಳು ಭಾನುವಾರ. ಆಗುವುದಿಲ್ಲ ಅಂದುಬಿಟ್ಟೆ. ಅಷ್ಟಕ್ಕೇ ಬಿಡದೆ ಸತ್ಯವೇದ (ಬೈಬಲ್) ತೆಗೆದು, ಪೌಲ ತಿಮೊಥೆಯನಿಗೆ ಬರೆದ ಎರಡನೇ ಪತ್ರದ 3ನೇ ಅಧ್ಯಾಯ ಅವನಿಂದಲೇ ಓದಿಸಿದೆ. ಕಡೇ ದಿನಗಳಲ್ಲಿ ಜನ ದೇವರನ್ನು ಬಿಟ್ಟು ಭೋಗವನ್ನು ಪ್ರೀತಿಸುತ್ತಾರೆ ಅನ್ನುವ ಭಾಗ. ಓದಿದ, ಎದ್ದು ಹೋದ. ಗೆದ್ದೆ ಅಂದುಕೊಂಡೆ.

ಎರಡು ವಾರ ಕಳೆದಿರಬೇಕು. ಆರಾಧನೆಯ ಮಧ್ಯೆ ನನ್ನ ಫೋನ್ ಅದುರಿತು. ಆಫೀಸಿನದು. ಎದ್ದು ಹೊರಗೆ ಹೋದವನು ಪಾರ್ಕಿಂಗಿನಲ್ಲಿ 40 ನಿಮಿಷ ಮಾತಾಡಿದೆ. ಒಳಗೆ ಬರುವಷ್ಟರಲ್ಲಿ ಕೊನೆಯ ಹಾಡು ನಡೆಯುತ್ತಿತ್ತು. ಮನೆಗೆ ಹೋಗುವಾಗ ಹಿಂದಿನ ಸೀಟಿನಿಂದ ಮಗ ಕೇಳಿದ: "ಅಪ್ಪಾ, ನಿಮ್ಮ ಕೋಚ್ ಕರೆದರೆ ಹೋಗಬಹುದಾ?"

ಅವನು ಎದುರುತ್ತರ ಕೊಡಬೇಕು ಅಂತ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಾಗದೆ ಕೇಳಿದ್ದ. ಅದು ಇನ್ನೂ ಕಷ್ಟ.

ಆ ರಾತ್ರಿ ಅದೇ ಅಧ್ಯಾಯವನ್ನು ನಾನೊಬ್ಬನೇ ಕೂತು ಓದಿದೆ. ಪೌಲ ಕೊಡುವ ಪಟ್ಟಿ ಉದ್ದ ಇದೆ. ಅದರಲ್ಲಿ ತಂದೆತಾಯಿಗೆ ಅವಿಧೇಯರು ಅನ್ನುವ ಮಾತೂ ಇದೆ (ನಮ್ಮಂಥ ಅಪ್ಪಂದಿರ ಕಣ್ಣಿಗೆ ಅದೊಂದು ಮಾತ್ರ ದಪ್ಪ ಅಕ್ಷರದಲ್ಲಿ ಕಾಣುತ್ತದೆ). ಆದರೆ ಪಟ್ಟಿ ಶುರುವಾಗುವುದು ತನ್ನನ್ನೇ ಪ್ರೀತಿಸುವವರಿಂದ, ಹಣವನ್ನು ಪ್ರೀತಿಸುವವರಿಂದ. ಭೋಗ ಬರುವುದು ಕೊನೆಯಲ್ಲಿ. ಅದರ ಬೆನ್ನಿಗೇ 5ನೇ ವಚನದಲ್ಲಿ ಇವರಿಗೆ ಭಕ್ತಿಯ ವೇಷ ಇರುತ್ತದೆ ಅನ್ನುತ್ತಾನೆ. ಅಂದರೆ ಆ ಪಟ್ಟಿಯಲ್ಲಿರುವವರು ಸಭೆಗೆ ಬರದವರಲ್ಲ, ತಪ್ಪದೆ ಬರುವವರೇ.

ವಲಸೆ ಬಂದ ನಮ್ಮಂಥವರಿಗೆ ಇನ್ನೊಂದು ಮಾತು ಜಾಸ್ತಿ ನಾಟಬೇಕು ಅಂತ ನನಗನಿಸುತ್ತದೆ. ಲೂಕ 8ರಲ್ಲಿ ಯೇಸು ಬಿತ್ತುವವನ ಸಾಮ್ಯ ಹೇಳುತ್ತಾನಲ್ಲ, ಅಲ್ಲಿ ಮುಳ್ಳುಗಿಡಗಳ ನಡುವೆ ಬಿದ್ದ ಬೀಜವನ್ನು, ಅಂದರೆ ದೇವರ ವಾಕ್ಯವನ್ನು, ಅದುಮುವುದು ಯಾವುದು? ಚಿಂತೆ, ಐಶ್ವರ್ಯ, ಭೋಗ. ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ. ನಾವು ಭೋಗವನ್ನು ಮಾತ್ರ ಪಾಪದ ಕಡೆ ಇಟ್ಟು, ಚಿಂತೆಯನ್ನು ಜವಾಬ್ದಾರಿ ಅಂತ ಕರೆಯುತ್ತೇವೆ. ವೀಸಾ ಏನಾಗುತ್ತೋ, ಮನೆ ಸಾಲ ತೀರುವುದು ಯಾವಾಗ, ಕೆಲಸ ಹೋದರೆ ಮುಂದೇನು. ಇವು ಸುಳ್ಳು ಚಿಂತೆಗಳಲ್ಲ, ನನಗೂ ಇವೆ. ಆದರೆ ನಾನು ಪಾರ್ಟಿಗೆ ಹೋಗುವುದಿಲ್ಲ, ಕುಡಿಯುವುದಿಲ್ಲ, ಹಾಗಾಗಿ ಲೋಕಾಶೆ ಇಲ್ಲದವನು ಅಂದುಕೊಂಡು ಹತ್ತು ವರ್ಷ ಬದುಕಿದೆ. ಮಗ ಆಡುವ ಒಂದೂವರೆ ಗಂಟೆ ನನಗೆ ಲೋಕ. ನಾನು ಓವರ್‌ಟೈಮ್ ಮಾಡುವ ಭಾನುವಾರ ಮಾತ್ರ ಕುಟುಂಬಕ್ಕಾಗಿ! ಯೋಹಾನನ ಮೊದಲ ಪತ್ರದಲ್ಲಿ ಶರೀರದಾಶೆ, ಕಣ್ಣಿನಾಶೆ ಆದ ಮೇಲೆ ಬದುಕುಬಾಳಿನ ಡಂಬ ಅಂತ ಬರುತ್ತದೆ. ಮೂರನೆಯದು ಮಕ್ಕಳಿಗಿಂತ ನಮಗೇ ಚೆನ್ನಾಗಿ ಒಪ್ಪುತ್ತದೆ, ಅಲ್ವಾ? ಯಾರ ಮನೆ ಎಷ್ಟು ದೊಡ್ಡದು, ಯಾರ ಮಗ ಯಾವ ಕಾಲೇಜು.

ಹಾಗಂತ ಸಂತೋಷವೇ ಬೇಡ ಅನ್ನುವವರ ಜೊತೆಗೂ ನಾನಿಲ್ಲ. "ಲೋಕದ ಯಾವ ಸುಖವೂ ವಿಷವೇ" ಅಂತ ನಿನ್ನೆ ಒಬ್ಬರು ಬರೆದಿದ್ದರು. ಅಣ್ಣಾ, ತಪ್ಪು ತಿಳಿಯಬೇಡಿ, ಸತ್ಯವೇದ ಹಾಗೆ ಹೇಳುವುದಿಲ್ಲ. ಎಲ್ಲವನ್ನೂ ನಮ್ಮ ಅನುಭೋಗಕ್ಕೆ ಧಾರಾಳವಾಗಿ ಕೊಡುವವನು ದೇವರು ಅಂತ 1 ತಿಮೊಥೆಯ 6ರಲ್ಲಿ ಬರೆದವನೂ ಇದೇ ಪೌಲನೇ. ಹಿಡಿಯಬೇಡ, ರುಚಿ ನೋಡಬೇಡ, ಮುಟ್ಟಬೇಡ ಅನ್ನುವ ನಿಯಮಗಳಿಂದ ಶರೀರದಾಶೆ ಅಡಗುವುದಿಲ್ಲ ಅಂತ ಕೊಲೊಸ್ಸೆಯವರಿಗೆ ಬರೆದವನೂ ಅವನೇ. ಯೋಹಾನನ ಸುವಾರ್ತೆಯಲ್ಲಿ ಯೇಸುವಿನ ಮೊದಲ ಸೂಚಕಕಾರ್ಯ (ಅದ್ಭುತ) ನಡೆದದ್ದು ಮದುವೆ ಮನೆಯಲ್ಲಿ. ಹೊಲದಲ್ಲಿ ನಿಧಿ ಕಂಡವನು ಆ ಹೊಲ ಕೊಳ್ಳಲು ತನ್ನದನ್ನೆಲ್ಲ ಮಾರಿದ್ದು ಸಂತೋಷದಿಂದ ಅಂತ ಮತ್ತಾಯ 13 ಹೇಳುತ್ತದೆ. ಅವನಿಗೆ ಯಾರೂ ಭಾಷಣ ಮಾಡಿರಲಿಲ್ಲ. ನಿಧಿ ಕಂಡಿತ್ತು, ಮಾರಿದ. ನಮ್ಮ ಮಕ್ಕಳಿಗೆ ನಾವು ನಿಧಿ ತೋರಿಸುವ ಮೊದಲೇ ಹೊಲಕ್ಕೆ ದುಡ್ಡು ಕಟ್ಟು ಅನ್ನುತ್ತೇವೆ.

ಈ ವಿಷಯ ಬಂದಾಗೆಲ್ಲ ಓಟಗಾರ ಎರಿಕ್ ಲಿಡೆಲ್ ಹೆಸರು ಬರುತ್ತದೆ. ಇಲ್ಲೂ ಇಬ್ಬರು ಬರೆದಿದ್ದೀರಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್ (ಆರಂಭದ ಸುತ್ತು) ಭಾನುವಾರ ಅಂತ ಓಡಲಿಲ್ಲ, ಆಮೇಲೆ 400 ಮೀಟರ್ ಓಟದಲ್ಲಿ 47.6 ಸೆಕೆಂಡಿಗೆ ಚಿನ್ನ ಗೆದ್ದರು. ಮಕ್ಕಳಿಗೆ ಇಷ್ಟು ಮಾತ್ರ ಹೇಳಿದರೆ ಅಪಾಯ ಇದೆ. ಒಂದು ಬಿಟ್ಟರೆ ದೇವರು ಇನ್ನೊಂದು ಪದಕ ಕೊಡುತ್ತಾನೆ ಅನ್ನುವ ಲೆಕ್ಕ ತಲೆಯಲ್ಲಿ ಕೂರುತ್ತದೆ. ನಾನೂ ಹಾಗೇ ಹೇಳಿದ್ದೆ, ತಪ್ಪು ನನ್ನದೇ.

ಪೂರ್ತಿ ಕಥೆ ಬೇರೆ. ಅವರು ಸ್ಕಾಟ್ಲೆಂಡಿನ ಮಿಷನರಿ ದಂಪತಿಯ ಮಗ. ಹುಟ್ಟಿದ್ದು 1902ರಲ್ಲಿ, ಚೀನಾದ ಟಿಯಾಂಜಿನ್‌ನಲ್ಲಿ. ಅಂದರೆ ನಮ್ಮ ಮಕ್ಕಳ ಹಾಗೆ, ಅಪ್ಪ ಅಮ್ಮನ ದೇಶ ಒಂದು, ಹುಟ್ಟಿದ ದೇಶ ಇನ್ನೊಂದು. ಒಲಿಂಪಿಕ್ಸ್ ಆದ ಮರುವರ್ಷ, ಹೆಸರು ಉತ್ತುಂಗದಲ್ಲಿದ್ದಾಗಲೇ ಚೀನಾಕ್ಕೆ ವಾಪಸ್ ಹೋಗಿ ಶಾಲೆಯಲ್ಲಿ ಪಾಠ ಮಾಡಿದರು. ಯುದ್ಧದ ಕಾಲದಲ್ಲಿ ಹೆಂಡತಿ ಮಕ್ಕಳನ್ನು ಕೆನಡಾಕ್ಕೆ ಕಳಿಸಿದರು. ಮೂರನೇ ಮಗಳು ಅಲ್ಲಿ ಹುಟ್ಟಿದಳು, ಅವಳ ಮುಖವನ್ನು ಅವರು ನೋಡಲೇ ಇಲ್ಲ. ಜಪಾನಿಯರು ಅವರನ್ನು ಚೀನಾದ ವೈಶೀನ್ ಶಿಬಿರದಲ್ಲಿ ಬಂಧಿಸಿಟ್ಟರು. ಅಲ್ಲೇ 1945ರ ಫೆಬ್ರವರಿಯಲ್ಲಿ, 43ನೇ ವಯಸ್ಸಿಗೆ, ಮೆದುಳಿನ ಗೆಡ್ಡೆಯಿಂದ ತೀರಿಕೊಂಡರು. ಇದರಲ್ಲಿ ಎಲ್ಲಿದೆ ಬಡ್ಡಿ ಸಮೇತ ವಾಪಸ್?

ಆ ಶಿಬಿರದಲ್ಲಿ ಇದ್ದವರು ಆಮೇಲೆ ಬರೆದ ಒಂದು ಸಂಗತಿ ನನಗೆ ಪದಕಕ್ಕಿಂತ ಜಾಸ್ತಿ ಇಷ್ಟ. ಮಕ್ಕಳ ಆಟಗಳನ್ನು ನೋಡಿಕೊಳ್ಳುತ್ತಿದ್ದವರು ಲಿಡೆಲ್, ಆದರೆ ಭಾನುವಾರ ಇಲ್ಲ. ಒಂದು ಭಾನುವಾರ ಹುಡುಗ ಹುಡುಗಿಯರು ತಾವೇ ಹಾಕಿ ಆಟ ಆಡಲು ಹೋಗಿ ಜಗಳದಲ್ಲಿ ಮುಗಿಯಿತು. ಮುಂದಿನ ಭಾನುವಾರ ಲಿಡೆಲ್ ಅವರೇ ಮೈದಾನಕ್ಕೆ ಬಂದು ಅಂಪೈರ್ ಆದರು. ತನಗಾಗಿ ಒಲಿಂಪಿಕ್ಸ್‌ನಲ್ಲೂ ಸಡಿಲಿಸದ ನಿಯಮವನ್ನು ಮಕ್ಕಳಿಗಾಗಿ ಸಡಿಲಿಸಿದರು. ನಾನು ಮಾಡುತ್ತಿದ್ದದ್ದು ಸರಿಯಾಗಿ ಇದರ ಉಲ್ಟಾ.

ಈಗ ನಮ್ಮ ಮನೆಯಲ್ಲಿ ಏನು ನಡೆದಿದೆ ಅಂದರೆ, ದೊಡ್ಡದೇನಿಲ್ಲ. ಮೊದಲು ನನ್ನ ಫೋನು. ಭಾನುವಾರ ಬೆಳಿಗ್ಗೆ ಅದು ಮನೆಯಲ್ಲೇ ಇರುತ್ತದೆ. ಮ್ಯಾನೇಜರಿಗೆ ಹೇಳುವಾಗ ಗಂಟಲು ಒಣಗಿತ್ತು. ಮಗನಿಗೂ ಅದನ್ನು ಹೇಳಿದೆ, ಅಪ್ಪನಿಗೆ ಹೆದರಿಕೆ ಆಯಿತು ಅಂತ. ಆಮೇಲೆ ರಾತ್ರಿ ಕುಟುಂಬ ಪ್ರಾರ್ಥನೆ, ಹತ್ತೇ ನಿಮಿಷ. ಮೊದಲು ಮುಕ್ಕಾಲು ಗಂಟೆ ಮಾಡುತ್ತಿದ್ದೆ, ಚಿಕ್ಕವಳು ಕೂತಲ್ಲೇ ನಿದ್ದೆ ಹೋಗುತ್ತಿದ್ದಳು. ಕನ್ನಡದಲ್ಲೇ ಪ್ರಾರ್ಥಿಸಬೇಕು ಅನ್ನುವ ಹಟವನ್ನೂ ಬಿಟ್ಟೆ. ಕನ್ನಡ ಉಳಿಸುವ ಭಾರವನ್ನು ಪ್ರಾರ್ಥನೆಯ ತಲೆ ಮೇಲೆ ಹೇರಿದ್ದು ತಪ್ಪು ಅಂತ ಹೆಂಡತಿ ಹೇಳುತ್ತಲೇ ಇದ್ದಳು. ಈಗ ಮಕ್ಕಳು ಇಂಗ್ಲಿಷಿನಲ್ಲಿ ಪ್ರಾರ್ಥಿಸುತ್ತಾರೆ, ನಾವು ಕನ್ನಡದಲ್ಲಿ. ಹಾಡು ಮಾತ್ರ ಕನ್ನಡದ್ದೇ ಬೇಕು ಅಂತ ಅವರೇ ಕೇಳುತ್ತಾರೆ. ವಿಚಿತ್ರ!

ಸಿಸ್ಟರ್, ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬೇರೆ ಹೊತ್ತಿನಲ್ಲಿ ಆರಾಧನೆ ಇರುವ ಸಭೆ ಹತ್ತಿರದಲ್ಲಿದೆಯಾ ನೋಡಿ. ವರ್ಷಕ್ಕೆ ಎಷ್ಟು ಭಾನುವಾರ ಸ್ಪರ್ಧೆ ಬರುತ್ತದೆ ಅಂತ ಮಗಳ ಜೊತೆ ಕೂತು ಎಣಿಸಿ. ನಾಲ್ಕೋ ಐದೋ ಆದರೆ ಒಂದು ಮಾತು, ಪ್ರತಿ ವಾರ ಆದರೆ ಇನ್ನೊಂದು. ಪ್ರತಿ ವಾರ ಆಗುವುದಾದರೆ ಅದು ಬರೀ ಆಟವಲ್ಲ, ಅದೇ ಅವಳ ಆರಾಧನೆ ಆಗಿಬಿಡುತ್ತದೆ. ಆಗ ಬೇಡ ಅನ್ನುವುದೇ ಸರಿ ಅಂತ ನನ್ನ ಅಭಿಪ್ರಾಯ, ಇದಕ್ಕೆ ಬೈಯುವವರು ಬೈಯಬಹುದು. ಆದರೆ ಅದಕ್ಕೂ ಮೊದಲು ನಿಮ್ಮದೇನನ್ನಾದರೂ ಬಿಟ್ಟಿದ್ದನ್ನು ಅವಳು ಕಣ್ಣಾರೆ ನೋಡಿರಬೇಕು.

ನಮ್ಮವನು ಈಗ ಶನಿವಾರ ಆಡುವ ಇನ್ನೊಂದು ತಂಡದಲ್ಲಿದ್ದಾನೆ, ಮೊದಲಿನಷ್ಟು ಒಳ್ಳೆಯ ತಂಡವಲ್ಲ. ಹೋದ ತಿಂಗಳು ಮಳೆಯಿಂದ ಒಂದು ಮ್ಯಾಚು ಭಾನುವಾರಕ್ಕೆ ಹೋಯಿತು. ಏನು ಮಾಡುತ್ತೀಯಾ ಅಂತ ಕೇಳಿದೆ. ಆರಾಧನೆ ಮುಗಿಸಿ ಬರುತ್ತೇನೆ ಅಂತ ಕೋಚ್‌ಗೆ ತಾನೇ ಮೆಸೇಜ್ ಮಾಡಿದ. ತಡವಾಗಿ ಬಂದವನಿಗೆ ಆಡುವ ಅವಕಾಶ ಸಿಗಲಿಲ್ಲ, ದ್ವಿತೀಯಾರ್ಧ ಪೂರ್ತಿ ಬೆಂಚಿನ ಮೇಲೆ ಕೂತಿದ್ದ. ನಾನು ಬೇಲಿಯ ಈಚೆ ನಿಂತಿದ್ದೆ. ಬರುವಾಗ ಕಾರಿನಲ್ಲಿ ಅವನೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.