ರಫ್ತಿನಿಂದ ಉತ್ಪಾದಕತೆ ಏರಿತೋ, ಉತ್ಪಾದಕತೆ ಇದ್ದವರೇ ರಫ್ತಿಗೆ ಇಳಿದರೋ?

ಕೋಥ್ರೂಡ್ ಕನ್ನಡತಿ:
ಪುಣೆಯ ಆಟೋ ಬಿಡಿಭಾಗ ಕಂಪನಿಗಳ 2009-10ರಿಂದ 2019-20ರವರೆಗಿನ ಲೆಕ್ಕ ಕಂಪನಿಗಳ ಹಣಕಾಸು ಲೆಕ್ಕಗಳ ದತ್ತಸಂಚಯವಾದ ಸಿಎಂಐಇ ಪ್ರೊವೆಸ್‌ನಿಂದ ತೆಗೆದಿದ್ದೇನೆ. ರಫ್ತು ಇದ್ದರೆ 1, ಇಲ್ಲದಿದ್ದರೆ 0. ಜೊತೆಗೆ ಸಂಶೋಧನೆ-ಅಭಿವೃದ್ಧಿಯ, ಅಂದರೆ ಆರ್‌ಅಂಡ್‌ಡಿ ಖರ್ಚು. ಉತ್ಪಾದಕತೆಯ ಮೇಲೆ ರಿಗ್ರೆಷನ್ (ಒಂದು ಇನ್ನೊಂದರ ಜೊತೆ ಎಷ್ಟು ಬದಲಾಗುತ್ತದೆ ಅಂತ ಅಳೆಯುವ ಲೆಕ್ಕ) ಓಡಿಸಿದರೆ ಎರಡರ ಗುಣಾಂಕವೂ ಧನಾತ್ಮಕ. "ರಫ್ತು ಉತ್ಪಾದಕತೆ ಹೆಚ್ಚಿಸುತ್ತದೆ" ಅಂತ ಬರೆಯಬಹುದೇ? ಎಷ್ಟೋ ಕಂಪನಿಗಳ ಆರ್‌ಅಂಡ್‌ಡಿ ಕಾಲಂ ಖಾಲಿ ಇದೆ, ಸೊನ್ನೆ ಅಂತ ಹಿಡಿಯಲೇ?

ಮುಳಾ ತೀರ:
ಬರೆಯಬೇಡಿ ಮೇಡಂ. ಮೊದಲೇ ಚುರುಕಾಗಿದ್ದ ಕಾರ್ಖಾನೆಗಳೇ ರಫ್ತಿಗೆ ಇಳಿಯುತ್ತವೆ ಅನ್ನುವುದನ್ನು ಬರ್ನಾರ್ಡ್ ಮತ್ತು ಜೆನ್ಸನ್ 1999ರಲ್ಲೇ ಅಮೆರಿಕದ ಅಂಕಿಅಂಶದಿಂದ ತೋರಿಸಿದ್ದಾರೆ. ಸ್ಲೊವೇನಿಯಾದ ಮೇಲೆ 2007ರಲ್ಲಿ ಡಿ ಲೋಕರ್ ಮಾಡಿದ ಕೆಲಸದಲ್ಲಿ ಮಾತ್ರ ರಫ್ತು ಶುರುವಾದ ಮೇಲೂ ಏರಿಕೆ ಕಂಡಿತು. ಹಾಗಾಗಿ ಕಾಲಕ್ರಮ ನೋಡಲೇಬೇಕು. ರಫ್ತು ಶುರುವಾದ ವರ್ಷವನ್ನು ಸೊನ್ನೆ ಮಾಡಿ, ಹಿಂದೆ ಮೂರು, ಮುಂದೆ ಮೂರು ವರ್ಷ ಇಡಿ. ಅದರ ಹಿಂದಿನ ವರ್ಷ ಗಾತ್ರ, ಬಂಡವಾಳ, ಉತ್ಪಾದಕತೆ ಹೆಚ್ಚುಕಮ್ಮಿ ಒಂದೇ ಇದ್ದ, ಆದರೆ ರಫ್ತು ಮಾಡದ ಕಂಪನಿಯನ್ನು ಜೋಡಿ ಮಾಡಿ. ಒಂದೇ ಆರ್ಡರ್ ಕಳಿಸಿ ನಿಂತವರನ್ನು ಬೇರೆ ಗುಂಪಿಗೆ ಹಾಕಿ.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಆಕರ್‌ಬರ್ಗ್-ಕೇವ್ಸ್-ಫ್ರೇಜರ್ ಅನ್ನುವ, ಉತ್ಪಾದಕತೆ ಅಂದಾಜಿಸುವ ವಿಧಾನದಲ್ಲಿ ನಾಳೆಯ ಉತ್ಪಾದಕತೆ ಇವತ್ತಿನದನ್ನಷ್ಟೇ ಅವಲಂಬಿಸಿದೆ ಅಂತ ಊಹಿಸಿ ಅಂದಾಜು ಮಾಡುತ್ತಾರೆ. ಆಮೇಲೆ ಅದೇ ಅಂದಾಜನ್ನು ರಫ್ತಿನ ಮೇಲೆ ಓಡಿಸುತ್ತಾರೆ. ಮೊದಲನೇ ಹೆಜ್ಜೆಯಲ್ಲಿ ಇಲ್ಲವೆಂದ ಪರಿಣಾಮವನ್ನು ಎರಡನೆಯದರಲ್ಲಿ ಹುಡುಕಿದ ಹಾಗೆ. ಹಿಂದಿನ ವರ್ಷದ ರಫ್ತು, ಆರ್‌ಅಂಡ್‌ಡಿ, ಎರಡರ ಗುಣಲಬ್ಧ, ಈ ಮೂರನ್ನೂ ಉತ್ಪಾದಕತೆಯ ಚಲನೆಯ ಸಮೀಕರಣದೊಳಗೇ ಹಾಕಿ.

ಚಾಕಣ್ ಕ್ವಾಲಿಟಿ:
ಶಾಪ್‌ಫ್ಲೋರ್ ಕಡೆಯಿಂದ ಎರಡು ಮಾತು. ಹೊರದೇಶದ ಗ್ರಾಹಕ ಬಿಡಿಭಾಗಕ್ಕೆ ಒಪ್ಪಿಗೆ ಕೊಡುವ ಪ್ರಕ್ರಿಯೆಯಾದ ಪಿಪ್ಯಾಪ್‌ನಲ್ಲಿ ಮುಖ್ಯ ಅಳತೆಗಳಿಗೆ 1.67 ಸಿಪಿಕೆ (ಅಳತೆ ಮಿತಿಯೊಳಗೇ ಉಳಿಯುವ ಸಾಮರ್ಥ್ಯದ ಸೂಚಕ) ಕೇಳಿದರೆ ಫಿಕ್ಸ್ಚರ್ ಬದಲಾಗುತ್ತದೆ, ಟೂಲ್ ಬದಲಿಸುವ ಅವಧಿ ಗೊತ್ತುಪಡಿಸಬೇಕಾಗುತ್ತದೆ, ಸ್ಕ್ರ್ಯಾಪ್ ಇಳಿಯುತ್ತದೆ. ಕಲಿಕೆ ಅಂದರೆ ಇದೇ. ಆದರೆ ಇದೆಲ್ಲ ಸ್ಯಾಂಪಲ್ ಹಂತದಲ್ಲಿ, ಅಂದರೆ ಮೊದಲ ಕಂಟೇನರ್ ನ್ಹಾವಾ ಶೇವಾ ಬಂದರು ತಲುಪುವುದಕ್ಕೂ ಮುಂಚೆ ನಡೆದಿರುತ್ತದೆ. ಹಾಗಾಗಿ ಹಿಂದಿನ ವರ್ಷದ ಏರಿಕೆಯನ್ನೆಲ್ಲ "ಮೊದಲೇ ಚುರುಕಾಗಿದ್ದರು" ಅಂತ ತಳ್ಳಿಹಾಕಬೇಡಿ. ಮೊದಲ ವರ್ಷ ಸಣ್ಣ ಲಾಟ್, ಪದೇಪದೇ ಸೆಟಪ್, ತಡವಾದಾಗ ವಿಮಾನದಲ್ಲಿ ಕಳಿಸುವ ಖರ್ಚು ಸೇರಿ ಉತ್ಪಾದಕತೆ ಇಳಿಯಲೂಬಹುದು.

ಇನ್ನು ಬೆಲೆ. 10 ಡಾಲರಿನ 1000 ಬಿಡಿಭಾಗ, ಡಾಲರಿಗೆ 55 ರೂಪಾಯಿ ಇದ್ದಾಗ 5.5 ಲಕ್ಷ, 68 ಆದಾಗ 6.8 ಲಕ್ಷ. 2013ರ ಮೇ-ಆಗಸ್ಟ್ ನಡುವೆ ರೂಪಾಯಿ ಸುಮಾರು ಇಷ್ಟೇ ಕುಸಿದಿತ್ತು. ಒಂದು ಪೀಸೂ ಹೆಚ್ಚು ತಯಾರಾಗದೆ "ಉತ್ಪಾದಕತೆ" ಜಿಗಿಯುತ್ತದೆ. ರಫ್ತಿನ ಆದಾಯಕ್ಕೆ ಸಗಟು ಬೆಲೆ ಸೂಚ್ಯಂಕ ಸಾಲದು, ಬೆಲೆಯ ಏರಿಳಿತ ಕಳೆಯಲು ಬೇರೆಯೇ ಡಿಫ್ಲೇಟರ್ ಬೇಕು.

ಲೆಕ್ಕದ ಮೇಜು:
ಖಾಲಿ ಅಂದರೆ ಸೊನ್ನೆ ಅಲ್ಲ. ಗ್ರಾಹಕ ಕೊಟ್ಟ ಡ್ರಾಯಿಂಗಿಗೆ ಟೂಲ್ ಅಭಿವೃದ್ಧಿಪಡಿಸಿದ ಖರ್ಚು ಎಷ್ಟೋ ಕಡೆ ಬೇರೆ ಶೀರ್ಷಿಕೆಯಲ್ಲಿ ಕೂತಿರುತ್ತದೆ. ಖಾಲಿ ಇರುವವರಿಗೆ ಪ್ರತ್ಯೇಕ ಡಮ್ಮಿ (1 ಅಥವಾ 0 ಗುರುತು) ಹಾಕಿ, ದೊಡ್ಡ ಕಂಪನಿಗಳದ್ದನ್ನು ವಾರ್ಷಿಕ ವರದಿಯೊಂದಿಗೆ ತಾಳೆ ನೋಡಿ. ಆದಾಯ ತೆರಿಗೆಯ 35(2ಎಬಿ) ಸೆಕ್ಷನ್ ಪ್ರಕಾರ ಕಂಪನಿಯೊಳಗಿನ ಸಂಶೋಧನಾ ಖರ್ಚಿಗೆ ಸಿಗುತ್ತಿದ್ದ ಕಡಿತ 2017ರ ಏಪ್ರಿಲ್‌ನಿಂದ ಶೇ 200ರಿಂದ 150ಕ್ಕೆ ಇಳಿಯಿತು. ಅದರ ಆಸುಪಾಸಿನ ಏರಿಳಿತದಲ್ಲಿ ನಿಜವಾದ ಸಂಶೋಧನೆ ಎಷ್ಟು, ಶೀರ್ಷಿಕೆ ಬದಲಾವಣೆ ಎಷ್ಟು ಅಂತ ಬಿಡಿಸಬೇಕು. ವರ್ಷದ ಖರ್ಚಿನ ಬದಲು ಸಂಚಿತ ಮೊತ್ತ ಬಳಸಿ: ಶೇ 15 ಸವಕಳಿಯಂತೆ, ಹಳೆಯ 100 ಲಕ್ಷ 85ಕ್ಕೆ ಇಳಿದು, ಈ ವರ್ಷದ 20 ಸೇರಿದರೆ 105.

ಕೋಥ್ರೂಡ್ ಕನ್ನಡತಿ:
ಎಲ್ಲರಿಗೂ ತುಂಬಾ ಧನ್ಯವಾದ. ಪುಣೆಯ ಭೋಸರಿ ಕೈಗಾರಿಕಾ ಪ್ರದೇಶದ ಸಣ್ಣ ಶಾಪ್‌ಗಳು ನನ್ನ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ವಾರ್ಷಿಕ ಕೈಗಾರಿಕಾ ಸಮೀಕ್ಷೆಗೆ ಹೋಗಲೇ?

ಮುಳಾ ತೀರ:
ಹೋಗಬಹುದು, ಆದರೆ ಒಂದೇ ಕಾರ್ಖಾನೆಯನ್ನು ವರ್ಷ ವರ್ಷ ಹಿಂಬಾಲಿಸುವ ಅದರ ಪ್ಯಾನೆಲ್‌ನಲ್ಲಿ ಜಿಲ್ಲೆಯ ಗುರುತು ಸಿಗುವುದಿಲ್ಲ, ಮಹಾರಾಷ್ಟ್ರ ಅಂತಷ್ಟೇ. ಪ್ರೊವೆಸ್‌ನಲ್ಲೂ ಎಚ್ಚರ ಇರಲಿ: ಲೆಕ್ಕ ಕಂಪನಿಯದ್ದು, ಕಾರ್ಖಾನೆಯದ್ದಲ್ಲ. ನೋಂದಾಯಿತ ಕಚೇರಿ ಪುಣೆಯಲ್ಲಿದ್ದರೂ ಪ್ಲಾಂಟ್ ಉತ್ತರಾಖಂಡದ ಪಂತನಗರದಲ್ಲಿರಬಹುದು. ಶೀರ್ಷಿಕೆಯಲ್ಲಿ "ಪುಣೆ" ಇಡುವ ಮುಂಚೆ ಅದೊಂದು ನೋಡಿಕೊಳ್ಳಿ.